ಹ್ಯಾಮ್ ಲೈಸೆನ್ಸ್: ರೆಸ್ಟ್ರಿಕ್ಟೆಡ್ ಸಾಕಾ, ನೇರ ಜನರಲ್‌ಗೇ ಹೋಗೋದಾ?

ಮಲೆನಾಡಕಿವಿ:

ಎಲ್ಲರಿಗೂ ನಮಸ್ಕಾರ. ಈ ವಿಷಯಕ್ಕೆ ಹೊಸಬಳು, ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೈಬೇಡಿ.

ಮಗಳಿಗೆ 13 ವರ್ಷ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೋದಲ್ಲಿ, ಅಂದರೆ ಹವ್ಯಾಸಿಗಳು ನಡೆಸುವ ರೇಡಿಯೋದಲ್ಲಿ, ಮಾತಾಡಿದರಲ್ಲ, ಆ ಸುದ್ದಿ ನೋಡಿದ ದಿನದಿಂದ ಇವಳಿಗೆ ಅದೇ ಗುಂಗು. "ಅಮ್ಮ, ನಾವೂ ಲೈಸೆನ್ಸ್ ಮಾಡಿಸೋಣ" ಅಂತ ದಿನಾ ತಲೆ ತಿನ್ನುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಆಸೆ ಇದೆ. ನಮ್ಮಪ್ಪ ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಶಾರ್ಟ್‌ವೇವ್ ರೇಡಿಯೋ ತಿರುಗಿಸುತ್ತಾ ಕೂರುತ್ತಿದ್ದರು. ಆ ಕೀಂ ಕೀಂ ಸದ್ದು ಇನ್ನೂ ಕಿವಿಯಲ್ಲಿದೆ.

ಹುಡುಕಿ ನೋಡಿದೆ. ರೆಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ದರ್ಜೆ ಇವೆಯಂತೆ. ಕೆಲವು ಕಡೆ ಗ್ರೇಡ್ ಒನ್, ಗ್ರೇಡ್ ಟೂ ಅಂತಲೂ ಬರೆದಿದೆ, ಅದೇನು ಅಂತ ಗೊತ್ತಾಗಲಿಲ್ಲ. ನಾನು ಬಿ.ಕಾಂ. ಓದಿದವಳು, ಫ್ಯೂಸ್ ಹಾಕೋಕೂ ಹೆದರುತ್ತೇನೆ. ಮಗಳು ಎಂಟನೇ ಕ್ಲಾಸು. ನಾವಿಬ್ಬರೂ ಎಲ್ಲಿಂದ ಶುರು ಮಾಡಬೇಕು? ಅವಳ ವಯಸ್ಸಿಗೆ ಕೊಡುತ್ತಾರಾ? ಇಲ್ಲ, ನಾನೊಬ್ಬಳು ತೆಗೆದುಕೊಂಡು ಅವಳಿಗೆ ಮಾತಾಡಲು ಬಿಟ್ಟರೆ ಆಗುತ್ತದಾ?

ಎರಡುಮೀಟರ್:

ಅಕ್ಕ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಗುವುದಿಲ್ಲ. ಲೈಸೆನ್ಸ್ ಅನ್ನೋದು ಆಳಿಗೆ, ಮನೆಗಲ್ಲ. ನಿಮ್ಮ ಹೆಸರಿನ ಲೈಸೆನ್ಸ್ ಇಟ್ಟುಕೊಂಡು ಅವಳು ತನ್ನ ಪಾಡಿಗೆ ಮೈಕ್ ಒತ್ತುವ ಹಾಗಿಲ್ಲ. ಆದರೆ 12 ವರ್ಷ ತುಂಬಿದ್ದರೆ ಪರೀಕ್ಷೆಗೆ ಕೂರಬಹುದು, ಹಾಗಾಗಿ ಇಬ್ಬರೂ ಬರೆಯಿರಿ.

ದರ್ಜೆಗಳ ವಿಷಯ: ಈಗ ಇರುವುದು ಎರಡೇ. ರೆಸ್ಟ್ರಿಕ್ಟೆಡ್‌ಗೆ ಲಿಖಿತ ಪರೀಕ್ಷೆ ಮಾತ್ರ. ಜನರಲ್‌ಗೆ ಲಿಖಿತ ಪರೀಕ್ಷೆ, ಜೊತೆಗೆ ಮೋರ್ಸ್, ಅಂದರೆ ಅಕ್ಷರಗಳನ್ನು ಗಿಡ್ಡ ಉದ್ದ ಸದ್ದಿನಲ್ಲಿ ಕಳಿಸುವ ಸಂಕೇತ. ಲಿಖಿತದಲ್ಲಿ ಎರಡು ಭಾಗ. ಒಂದು ರೇಡಿಯೋ ಥಿಯರಿ, ಇನ್ನೊಂದು ನಿಯಮಗಳು. ರೆಸ್ಟ್ರಿಕ್ಟೆಡ್‌ಗೆ ಪ್ರತಿ ಭಾಗದಲ್ಲೂ ಶೇ 40 ಬರಬೇಕು, ಒಟ್ಟು ಶೇ 50 ಆಗಬೇಕು. ಜನರಲ್‌ಗೆ ಪ್ರತಿ ಭಾಗದಲ್ಲಿ ಶೇ 50, ಒಟ್ಟು ಶೇ 55. ನಾನು ರೆಸ್ಟ್ರಿಕ್ಟೆಡ್, ನನ್ನ ಕರೆಸಂಕೇತ (ರೇಡಿಯೋದಲ್ಲಿ ಹೇಳುವ ಗುರುತು) ವಿಯು3 ಅಂತ ಶುರು. ಎರಡು ವರ್ಷದಿಂದ ಆರಾಮಾಗಿದ್ದೇನೆ. ನನ್ನ ಮಾತು ಕೇಳಿ, ಮೊದಲು ರೆಸ್ಟ್ರಿಕ್ಟೆಡ್ ಮುಗಿಸಿ. ಮೋರ್ಸ್‌ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, 2026ರಲ್ಲಿ ಯಾರಿಗೆ ಬೇಕು ಅದು.

ಹಳೇಕೀ:

ಯಾರಿಗೆ ಬೇಕು ಅಂದ್ಯಲ್ಲ ತಮ್ಮ, ನನಗೆ ಬೇಕು.

ಮಲೆನಾಡಕಿವಿಯವರೇ, ಗ್ರೇಡ್ ಗೊಂದಲ ನಾನು ಬಿಡಿಸುತ್ತೇನೆ, ಯಾಕೆಂದರೆ ನಾನು ಆ ಕಾಲದವನೇ. ನಮ್ಮಲ್ಲಿ ಹ್ಯಾಮ್ ಲೈಸೆನ್ಸ್ ನಡೆದು ಬಂದಿದ್ದು 1978ರ ಹವ್ಯಾಸಿ ಸೇವಾ ನಿಯಮಗಳ ಮೇಲೆ. ಆಗ ಅಡ್ವಾನ್ಸ್ಡ್, ಗ್ರೇಡ್ ಒನ್, ಗ್ರೇಡ್ ಟೂ, ಗ್ರೇಡ್ ಟೂ ರೆಸ್ಟ್ರಿಕ್ಟೆಡ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇದ್ದವು. ಗ್ರೇಡ್ ಟೂಗೆ ನಿಮಿಷಕ್ಕೆ 5 ಪದ ಮೋರ್ಸ್, ಗ್ರೇಡ್ ಒನ್‌ಗೆ 12 ಪದ. ಆಮೇಲೆ ಎಲ್ಲ ಕಲಸಿ ಎರಡೇ ಮಾಡಿದರು. ಈಗ ಜನರಲ್‌ಗೆ 8 ಪದ. ಹಳೇ ಪುಸ್ತಕ, ಹಳೇ ಟಿಪ್ಪಣಿ ಕೈಗೆ ಸಿಕ್ಕಿದರೆ ಗ್ರೇಡ್ ಅಂತಲೇ ಇರುತ್ತದೆ, ಹೆದರಬೇಡಿ. ಸಾಮಾನ್ಯವಾಗಿ ವಿಯು2 ಅಂದರೆ ಜನರಲ್, ವಿಯು3 ಅಂದರೆ ರೆಸ್ಟ್ರಿಕ್ಟೆಡ್. ಆದರೆ ಕರೆಸಂಕೇತ ನೋಡಿಯೇ ಆಳು ಅಳೆಯಬೇಡಿ, ವಿಯು3 ಇಟ್ಟುಕೊಂಡೇ ಇರುವ ಹಳಬ ಜನರಲ್‌ಗಳೂ ಇದ್ದಾರೆ.

ನನ್ನ ಸಲಹೆ ಎರಡುಮೀಟರ್ ಹೇಳಿದ್ದಕ್ಕೆ ತದ್ವಿರುದ್ಧ. ನೇರ ಜನರಲ್‌ಗೆ ಕೂರಿ. ಹೇಗೂ ಓದುತ್ತೀರಿ, ಅದೇ ಓದಿಗೆ ಇನ್ನೊಂದು ಮೂರು ತಿಂಗಳು ಕಿವಿ ಪಳಗಿಸಿದರೆ ಮುಗಿಯಿತು. ರೆಸ್ಟ್ರಿಕ್ಟೆಡ್ ಸಿಕ್ಕ ಮೇಲೆ "ಮುಂದಿನ ವರ್ಷ ಜನರಲ್" ಅಂದವರು ಹತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದಾರೆ, ನನಗೇ ಬೇಕಾದಷ್ಟು ಜನ ಗೊತ್ತು.

ಎರಡುಮೀಟರ್:

ಸರ್, ನೀವು ಹೇಳಿದ ಹಾಗೆ ಮಾಡಿದರೆ ಮೂರು ತಿಂಗಳಲ್ಲಿ ಅರ್ಧ ಜನ ಬಿಟ್ಟು ಓಡುತ್ತಾರೆ. ಮಗು ಬಾಹ್ಯಾಕಾಶ ನಿಲ್ದಾಣ ಅಂತ ಕುಣಿಯುತ್ತಿದೆ, ಅದಕ್ಕೆ ನಾವು ಚುಕ್ಕೆ ಗೆರೆ ಕೊಡುವುದಾ?

ಇನ್ನೊಂದು ಮಾತು, 2003ರಲ್ಲಿ ಜಿನೀವಾದ ವಿಶ್ವ ರೇಡಿಯೋ ಸಮ್ಮೇಳನದಲ್ಲೇ ಮೋರ್ಸ್ ಕಡ್ಡಾಯ ಅನ್ನುವುದನ್ನು ತೆಗೆದುಹಾಕಿದರು. ಬೇಕಾದ ದೇಶ ಇಟ್ಟುಕೊಳ್ಳಲಿ, ಬೇಡದ್ದು ಬಿಡಲಿ ಅಂತ. ಅಮೆರಿಕದವರು 2007ರಲ್ಲೇ ಬಿಟ್ಟರು.

ಬೆಸುಗೆಕಡ್ಡಿ:

ಜಗಳ ಶುರುವಾಯಿತು, ಚೆನ್ನಾಗಿದೆ 😄

ನಾನು ನಡುವೆ ನಿಂತು ಒಂದು ಲೆಕ್ಕ ಕೊಡುತ್ತೇನೆ. ಎಚ್‌ಎಫ್‌ನಲ್ಲಿ, ಅಂದರೆ ಶಾರ್ಟ್‌ವೇವ್‌ನಲ್ಲಿ, ರೆಸ್ಟ್ರಿಕ್ಟೆಡ್‌ಗೆ 50 ವ್ಯಾಟ್, ಜನರಲ್‌ಗೆ 400 ವ್ಯಾಟ್. ಕೇಳಿದರೆ ಅಬ್ಬಾ ಎಂಟು ಪಟ್ಟು ಅನಿಸುತ್ತದೆ ಅಲ್ವಾ? ಡೆಸಿಬೆಲ್‌ನಲ್ಲಿ ಅದು 9. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎದುರಿನವನ ಎಸ್-ಮೀಟರ್‌ನಲ್ಲಿ ಒಂದೊಂದು ಗೆರೆಗೂ 6 ಡೆಸಿಬೆಲ್ ಅಂತರ. ಅಂದರೆ 400 ವ್ಯಾಟ್ ಸುರಿದರೂ ಮುಳ್ಳು ಏರುವುದು ಒಂದೂವರೆ ಗೆರೆ, ಅಷ್ಟೇ. ಆಂಟೆನಾವನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಕಟ್ಟಿದರೆ ಅದರಲ್ಲಿ ಜಾಸ್ತಿ ಪಾಲು ಪುಕ್ಕಟೆ ಸಿಗುತ್ತದೆ. ಪವರ್ ಸಲುವಾಗಿ ಯಾರೂ ಜನರಲ್ ತೆಗೆದುಕೊಳ್ಳಬೇಡಿ.

ಆದರೆ ಮೋರ್ಸ್ ಕೀ ಒತ್ತಬೇಕು ಅನ್ನುವ ಆಸೆ ಇದ್ದರೆ ಜನರಲ್ ಬೇಕೇ ಬೇಕು. ರೆಸ್ಟ್ರಿಕ್ಟೆಡ್‌ನವರಿಗೆ ಸಿಡಬ್ಲ್ಯೂ (ಮೋರ್ಸ್‌ನಲ್ಲಿ ಕಳಿಸುವುದು) ಇಲ್ಲ, ಮಾತು ಇದೆ. ಮತ್ತೆ ಕೈಯಿಂದ ಸೆಟ್ ಕಟ್ಟುವ ನನ್ನಂಥವರಿಗೆ ಸಿಡಬ್ಲ್ಯೂ ಅಂದರೆ ವರ. ಒಂದು ಆಸಿಲೇಟರ್, ಒಂದು ಕೀ, ನಾಲ್ಕು ಟ್ರಾನ್ಸಿಸ್ಟರ್, ಅಷ್ಟರಲ್ಲಿ ಸಾವಿರ ಕಿಲೋಮೀಟರ್ ಆಚೆ ಇರುವವನು ಉತ್ತರ ಕೊಡುತ್ತಾನೆ. ಮಾತಿಗೆ ಹೋದರೆ ಸರ್ಕ್ಯೂಟ್ ದೊಡ್ಡದಾಗುತ್ತದೆ. ಆದರೂ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟೆಕ್ಸ್ ಸರ್ಕ್ಯೂಟ್ ಇದೆಯಲ್ಲ, ಸುಲಭವಾಗಿ ಸಿಗುವ ಬಿಡಿಭಾಗಗಳಲ್ಲೇ ಮಾತಾಡುವ ಸೆಟ್ ಕಟ್ಟಬಹುದು ಅಂತ ತೋರಿಸಿಕೊಟ್ಟಿದ್ದು ಅದೇ. ನಾನು ಬೆಸುಗೆ ಕಲಿತಿದ್ದೂ, ಬೆರಳು ಸುಟ್ಟುಕೊಂಡಿದ್ದೂ ಅದರಲ್ಲೇ.

ಮಲೆನಾಡಕಿವಿ:

ಇಷ್ಟು ಬೇಗ ಇಷ್ಟು ಉತ್ತರ! ಧನ್ಯವಾದ. ಒಂದೂವರೆ ಗೆರೆ ವಿಷಯ ಓದಿ ಸಮಾಧಾನ ಆಯಿತು.

ಪರೀಕ್ಷೆಗೆ ಅರ್ಜಿ ಎಲ್ಲಿ ಹಾಕುವುದು? ಪಾಸಾದ ತಕ್ಷಣ ಮಾತಾಡಬಹುದಾ?

ಕಡಲತಡಿ:

ತಕ್ಷಣ ಆಗುವುದಿಲ್ಲ ಮಾರಾಯ್ರೆ, ಹೊಸಬರೆಲ್ಲ ಎಡವುವುದು ಇಲ್ಲೇ. ಇದರಲ್ಲಿ ಎರಡು ಬೇರೆ ಬೇರೆ ಕಾಗದ ಇದೆ. ಪರೀಕ್ಷೆ ಪಾಸಾದರೆ ಸಿಗುವುದು ಎಎಸ್‌ಓಸಿ ಅಂತ ಒಂದು ಸರ್ಟಿಫಿಕೇಟು. ಇವರಿಗೆ ರೇಡಿಯೋ ನಡೆಸಲು ಬರುತ್ತದೆ ಅಂತ ಅದರ ಅರ್ಥ, ಅಷ್ಟೇ. ಅದನ್ನು ಇಟ್ಟುಕೊಂಡು ಮತ್ತೆ ಸ್ಟೇಷನ್ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅದು ಬಂದಾಗಲೇ ಕರೆಸಂಕೇತ ಸಿಗುವುದು, ಆಮೇಲೆ ಬಾಯಿ ಬಿಡಬಹುದು. ಗಾಡಿ ಲೆಕ್ಕದಲ್ಲಿ ಹೇಳುವುದಾದರೆ ಡಿಎಲ್ ಬೇರೆ, ಆರ್‌ಸಿ ಬೇರೆ. ಡಿಎಲ್ ಇದೆ ಅಂತ ನಂಬರ್ ಪ್ಲೇಟ್ ಇಲ್ಲದ ಗಾಡಿ ರಸ್ತೆಗೆ ಇಳಿಸಲಿಕ್ಕೆ ಉಂಟಾ?

ಕೊಡುವವರು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದವರು. ಅರ್ಜಿ ಎಲ್ಲ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಾನು 20 ವರ್ಷದ ಲೈಸೆನ್ಸಿಗೆ 1000 ರೂಪಾಯಿ ಕಟ್ಟಿದ್ದೆ. ಆಜೀವ ಲೈಸೆನ್ಸ್ ಅಂತಲೂ ಒಂದು ಉಂಟು, ಅದು ಆಗ 2000 ಇತ್ತು. ನೀವು ಕಟ್ಟುವ ದಿನ ಪೋರ್ಟಲ್‌ನಲ್ಲಿ ಏನು ತೋರಿಸುತ್ತದೋ ಅದನ್ನೇ ನೋಡಿ.

ನನ್ನ ಅನುಭವದ ಒಂದು ಮಾತು. ಅರ್ಜಿ ಹಾಕುವ ಮೊದಲು ನಿಮ್ಮ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಥರ ಉಂಟಾ ನೋಡಿ. ನನ್ನ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ. ಅದೂ ಸಾಲದು ಅಂತ ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಅಕ್ಷರ. ಅರ್ಜಿ ವಾಪಸ್ ಬಂತು. ಸರಿ ಮಾಡಿಸಿ ಮತ್ತೆ ಹಾಕುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದುಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ನನ್ನದೇ ಸೋಮಾರಿತನ.

ಎರಡುಮೀಟರ್:

ವಿಳಾಸದ್ದೂ ಹೇಳಿ ಸರ್. ಲೈಸೆನ್ಸ್‌ನಲ್ಲಿ ಸ್ಟೇಷನ್ ಎಲ್ಲಿದೆ ಅಂತ ಇರುತ್ತದೆ, ಮನೆ ಬದಲಿಸಿದರೆ ತಿಳಿಸಬೇಕು. ಬಾಡಿಗೆ ಮನೆಯವರು ಇದನ್ನು ಮರೆಯುತ್ತಾರೆ.

ಹಳೇಕೀ:

ಈಗ ಓದುವ ವಿಷಯಕ್ಕೆ ಬರೋಣ.

ಥಿಯರಿ ಅಂದರೆ ಹೆದರುತ್ತೀರಿ, ನಿಯಮ ಅಂದರೆ ಸುಲಭ ಅಂದುಕೊಳ್ಳುತ್ತೀರಿ. ನಿಯಮದಲ್ಲಿ ಬಾಯಿಪಾಠ ಇದೆ, ಒಪ್ಪುತ್ತೇನೆ. ಕರೆಸಂಕೇತ ಯಾವಾಗ ಹೇಳಬೇಕು, ಲಾಗ್‌ಬುಕ್‌ನಲ್ಲಿ ಏನೇನು ಬರೆಯಬೇಕು, ಯಾವ ಬ್ಯಾಂಡ್ ನಮ್ಮದು. ಉದಾಹರಣೆಗೆ 144ರಿಂದ 146 ಮೆಗಾಹರ್ಟ್ಸ್ ನಮಗಿದೆ, 434ರಿಂದ 438 ಇದೆ. ಬೇರೆ ದೇಶದ ಪಟ್ಟಿ ನೋಡಿ ಓದಿದರೆ ಅಲ್ಲಿ ಅಗಲ ಜಾಸ್ತಿ ಇರುತ್ತದೆ, ಹಾಗೇ ಬರೆದು ಬಂದು ಅಂಕ ಕಳೆದುಕೊಳ್ಳುತ್ತಾರೆ. ಆಮೇಲೆ ಮಾಡಬಾರದ್ದು: ಹಾಡು ಹಾಕುವ ಹಾಗಿಲ್ಲ, ವ್ಯಾಪಾರದ ಮಾತು ಆಡುವ ಹಾಗಿಲ್ಲ, ಗುಟ್ಟಿನ ಸಂಕೇತ ಭಾಷೆ ಕೂಡದು. "ಅಡಿಕೆ ರೇಟ್ ಎಷ್ಟಾಯಿತು, ಎರಡು ಚೀಲ ಕಳಿಸು" ಅಂದರೆ ಅದೂ ವ್ಯಾಪಾರವೇ. ಕ್ಯೂ ಕೋಡುಗಳೂ ಬರುತ್ತವೆ. ಕ್ಯೂಟಿಎಚ್ ಅಂದರೆ ಇರುವ ಜಾಗ, ಕ್ಯೂಎಸ್‌ಬಿ ಅಂದರೆ ಸದ್ದು ಏರಿ ಇಳಿಯುವುದು, ಕ್ಯೂಆರ್‌ಎಮ್ ಅಂದರೆ ಬೇರೆ ಸ್ಟೇಷನ್ನಿನ ಕಾಟ, ಕ್ಯೂಆರ್‌ಎನ್ ಅಂದರೆ ಸಿಡಿಲು ಗುಡುಗಿನ ಕಾಟ. ಕೊನೆಯದು ನಿಮಗೆ ಮಲೆನಾಡಲ್ಲಿ ಯಾರೂ ಕಲಿಸಬೇಕಾಗಿಲ್ಲ.

ಥಿಯರಿಗೆ ಬಿ.ಕಾಂ. ಸಾಕು, ಗುಣಾಕಾರ ಭಾಗಾಕಾರ ಬಂದರೆ ಆಯಿತು. ಓಮ್ಸ್ ನಿಯಮ ಕಲಿಯಿರಿ. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಬರುತ್ತದೆ. 145ಕ್ಕೆ ಮಾಡಿ ನೋಡಿ, ಎರಡು ಚಿಲ್ಲರೆ ಬರುತ್ತದೆ. ನಮ್ಮ ತಮ್ಮ "ಎರಡುಮೀಟರ್" ಅಂತ ಹೆಸರಿಟ್ಟುಕೊಂಡಿರುವುದು ಅದಕ್ಕೇ.

ಬೆಸುಗೆಕಡ್ಡಿ:

ಆಂಟೆನಾ ಲೆಕ್ಕ ನಾನು ಸೇರಿಸುತ್ತೇನೆ. ಅರ್ಧ ಅಲೆಯ ಡೈಪೋಲ್ ಕಟ್ಟಲು 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 150 ಯಾಕಲ್ಲ ಅಂತ ಕೇಳಬೇಕು ನೀವು. ತಂತಿಗೆ ದಪ್ಪ ಇದೆ, ತುದಿ ಇದೆ, ಆ ತುದಿಯ ಪರಿಣಾಮಕ್ಕೆ ಸ್ವಲ್ಪ ಗಿಡ್ಡ ಮಾಡಬೇಕು. 7.1 ಮೆಗಾಹರ್ಟ್ಸ್‌ಗೆ ಸುಮಾರು 20.1 ಮೀಟರ್ ಬಂತು. ನಡುವೆ ಕತ್ತರಿಸಿ ಕೇಬಲ್ ಕೊಟ್ಟರೆ ಒಂದೊಂದು ಕಡೆ ಹತ್ತು ಹತ್ತು ಮೀಟರ್. ನಿಮ್ಮ ತೋಟದಲ್ಲಿ ಎರಡು ಅಡಿಕೆ ಮರ ಇದ್ದರೆ ಕೆಲಸ ಮುಗಿಯಿತು, ನಾವು ಪೇಟೆಯವರು ಟೆರೇಸ್ ಮೇಲೆ ಒದ್ದಾಡುತ್ತೇವೆ.

ಹೀಗೆ ಕೈಯಲ್ಲಿ ಮಾಡುತ್ತಾ ಓದಿದರೆ ಥಿಯರಿ ತಲೆಯಲ್ಲಿ ನಿಲ್ಲುತ್ತದೆ. ನಾನು ಮೊದಲು ಒಬ್ಬರ ಹತ್ತಿರ ಕೋಚಿಂಗ್‌ಗೆ ಹೋಗಿದ್ದೆ. ಹೆಸರು ಬೇಡ. ದುಡ್ಡು ಮುಂಚೆಯೇ ತಗೊಂಡು "ಇಷ್ಟು ಪ್ರಶ್ನೆ ಉರು ಹೊಡಿ, ಇದೇ ಬರುತ್ತೆ" ಅಂತ ಒಂದು ಜೆರಾಕ್ಸ್ ಕಟ್ಟು ಕೊಟ್ಟರು. ಅದರಲ್ಲಿ ಅರ್ಧ ಹಳೇ ಗ್ರೇಡ್ ಕಾಲದ್ದು. ಪರೀಕ್ಷೆಯಲ್ಲಿ ಒಂದೂ ಬರಲಿಲ್ಲ ಅಂತಲ್ಲ, ಬಂದಿದ್ದಕ್ಕೂ ಯಾಕೆ ಹಾಗೆ ಅಂತ ಗೊತ್ತಿರಲಿಲ್ಲ. ಸೆಟ್ ಕೈಗೆ ಬಂದ ಮೇಲೆ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತಿಲ್ಲ ಅನ್ನುವ ಅಳತೆ) ಜಾಸ್ತಿ ಇಟ್ಟುಕೊಂಡೇ ಒತ್ತಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೆ.

ತಂತಿದೂರ:

ನಾನು ಅಮೆರಿಕದಲ್ಲಿದ್ದೇನೆ, ಇಲ್ಲಿನ ಪದ್ಧತಿ ಕೇಳಲು ಕೆಲವರಿಗೆ ಆಸಕ್ತಿ ಇರಬಹುದು. ಇಲ್ಲಿ ಮೂರು ಮೆಟ್ಟಿಲು. ಟೆಕ್ನಿಷಿಯನ್, ಜನರಲ್, ಎಕ್ಸ್‌ಟ್ರಾ. ಮೊದಲೆರಡಕ್ಕೆ 35 ಪ್ರಶ್ನೆ, 26 ಸರಿ ಇರಬೇಕು. ಎಕ್ಸ್‌ಟ್ರಾಗೆ 50ರಲ್ಲಿ 37. ಎಲ್ಲ ಪ್ರಶ್ನೆಗಳನ್ನೂ ಉತ್ತರ ಸಮೇತ ಮೊದಲೇ ಪ್ರಕಟಿಸಿರುತ್ತಾರೆ, ಪರೀಕ್ಷೆ ನಡೆಸುವವರೂ ಸ್ವಯಂಸೇವಕ ಹ್ಯಾಮ್‌ಗಳೇ. ನಾನು ಎರಡು ವಾರ ಫೋನಿನಲ್ಲಿ ಅಭ್ಯಾಸ ಮಾಡಿ ಟೆಕ್ನಿಷಿಯನ್ ಪಾಸಾದೆ. ಬೆಸುಗೆಕಡ್ಡಿ ಹೇಳಿದ ಹಾಗೆ ನನಗೂ ಏನೂ ಗೊತ್ತಿರಲಿಲ್ಲ 😅

ಊರಿಗೆ ಬಂದಾಗ ಈ ಲೈಸೆನ್ಸಿನಲ್ಲೇ ಮಾತಾಡಬಹುದಾ?

ಕಡಲತಡಿ:

ಅಲ್ಲಿನ ಕಾಗದ ಹಿಡಿದುಕೊಂಡು ಇಲ್ಲಿ ಬಂದು ಸುಮ್ನೆ ಮೈಕ್ ಒತ್ತುವ ಹಾಗಿಲ್ಲ. ಇಲ್ಲಿನ ಅನುಮತಿ ಬೇಕು. ಸೆಟ್ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಮೊದಲು ಅದನ್ನೂ ವಿಚಾರಿಸಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಎದುರು ವಿವರಿಸುತ್ತಾ ನಿಲ್ಲುವುದು ಬೇಡ.

ಗುಡ್ಡದತುದಿ:

ನಡುವೆ ಬಾಯಿ ಹಾಕುತ್ತೇನೆ. ನಾವು ಚಾರಣ ಹೋಗುವವರು, ನಾಲ್ಕು ಜನಕ್ಕೆ ವಾಕಿಟಾಕಿ ಬೇಕು. ಇದಕ್ಕೂ ಹ್ಯಾಮ್ ಲೈಸೆನ್ಸ್ ಬೇಕಾ? ಆನ್‌ಲೈನಲ್ಲಿ ಚೈನಾ ಸೆಟ್ ಅಗ್ಗಕ್ಕೆ ಸಿಗುತ್ತಿತ್ತು.

ಎರಡುಮೀಟರ್:

ಅಣ್ಣ, ಆ ಸೆಟ್ ಬೇಡ. ಅದು ಪೊಲೀಸ್, ಅಗ್ನಿಶಾಮಕ ಎಲ್ಲರ ಫ್ರೀಕ್ವೆನ್ಸಿಗೂ ಹೋಗಿ ಕೂರುತ್ತದೆ. ಗೊತ್ತಿಲ್ಲದೆ ಒಂದು ಗುಂಡಿ ಒತ್ತಿದರೆ ನಿಮಗೇ ತಲೆನೋವು. ಲೈಸೆನ್ಸ್ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದೇ ತಪ್ಪು. ನಿಮಗೆ ಬೇಕಿರುವುದು 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕಡಿಮೆ ಪವರ್‌ನ ಸೆಟ್. ಅದಕ್ಕೆ ಲೈಸೆನ್ಸ್ ವಿನಾಯಿತಿ ಇದೆ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಆದರೆ ನಾಲ್ಕು ಗುಡ್ಡ ದಾಟಿ ಕೇಳಿಸುತ್ತದೆ ಅಂದುಕೊಳ್ಳಬೇಡಿ.

ಮಲೆನಾಡಕಿವಿ:

ನಾವಿಬ್ಬರೂ ಮಾತಾಡಿ ಒಂದು ತೀರ್ಮಾನ ಮಾಡಿದೆವು. ಮೊದಲು ರೆಸ್ಟ್ರಿಕ್ಟೆಡ್. ಹಳೇಕೀ ಸರ್ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಮಗಳು ನಿಮ್ಮ ಉತ್ತರ ಓದಿ ಮೋರ್ಸ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಲ್ಲಿಂದ ಶುರು ಮಾಡಬೇಕು? ಯಾವುದೋ ಚಾರ್ಟ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದ್ದಾಳೆ, ಚುಕ್ಕೆ ಗೆರೆ ಇರುವುದು.

ಹಳೇಕೀ:

ಬೇಜಾರು ಯಾಕಮ್ಮ, ಮರಿ ನನ್ನ ಪಕ್ಷಕ್ಕೆ ಬಂದಾಯಿತು.

ಮೊದಲು ಆ ಚಾರ್ಟ್ ಹರಿದು ಹಾಕಲು ಹೇಳಿ. ನಿಜವಾಗಿ ಹೇಳುತ್ತಿದ್ದೇನೆ. ಕಣ್ಣಲ್ಲಿ ಚುಕ್ಕೆ ಗೆರೆ ಕಲಿತವರು ಸದ್ದು ಕೇಳಿದ ಮೇಲೆ ಮನಸ್ಸಿನಲ್ಲಿ ಚುಕ್ಕೆ ಎಣಿಸುತ್ತಾರೆ, ಎಣಿಸಿ ಅಕ್ಷರ ಹುಡುಕುತ್ತಾರೆ, ಅಷ್ಟರಲ್ಲಿ ಮೂರು ಅಕ್ಷರ ದಾಟಿ ಹೋಗಿರುತ್ತದೆ. ನಿಮಿಷಕ್ಕೆ 5 ಪದದವರೆಗೆ ಹೇಗೋ ಎಳೆಯುತ್ತಾರೆ, ಆಮೇಲೆ ಗೋಡೆ. ನಾನೂ ಹಾಗೇ ಕಲಿತು, ಮರೆತು, ಮತ್ತೆ ಮೊದಲಿನಿಂದ ಕಲಿತೆ. ಒಂದು ವರ್ಷ ದಂಡ. ಮೋರ್ಸ್ ಅನ್ನುವುದು ತಾಳ. ಮೃದಂಗದ ಪಾಠದಲ್ಲಿ ತಕಿಟ, ತಕಧಿಮಿ ಅಂತ ಬಾಯಲ್ಲಿ ಹೇಳಿಸುತ್ತಾರಲ್ಲ, ಎಣಿಸುವುದಿಲ್ಲ, ಇಡೀ ಸೊಲ್ಲು ಒಂದೇ ಸಲ ಬರುತ್ತದೆ. ಹಾಗೆ. ಕೆ ಅಂದರೆ ಡಾಡಿಡಾ. ಎಂ ಅಂದರೆ ಡಾಡಾ. ಕಾಖ್ ಪದ್ಧತಿಯಲ್ಲಿ ಈ ಎರಡೇ ಅಕ್ಷರದಿಂದ ಶುರು. ಎರಡೂ ಹತ್ತಕ್ಕೆ ಒಂಬತ್ತು ಸಲ ಸರಿ ಬಂದರೆ ಮೂರನೆಯದು ಸೇರಿಸಿ. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಗುಟ್ಟು. ಅಕ್ಷರವನ್ನು ನಿಧಾನ ಮಾಡಬೇಡಿ. ಅಕ್ಷರ ವೇಗವಾಗಿಯೇ ಇರಲಿ, 15 ಪದದ ವೇಗ ಇಡಿ. ಅಕ್ಷರ ಅಕ್ಷರದ ನಡುವಿನ ಬಿಡುವು ಹೆಚ್ಚು ಮಾಡಿ. ಆಗ ಎಣಿಸಲು ಪುರುಸೊತ್ತೇ ಸಿಗುವುದಿಲ್ಲ, ಕಿವಿ ತಾನೇ ಸೊಲ್ಲು ಹಿಡಿಯುತ್ತದೆ. ಪರೀಕ್ಷೆಯ 8 ಪದ ಅಂದರೆ ಏನು ಅಂತ ಲೆಕ್ಕ ಬೇಕಾದರೆ: ಒಂದು ಪದ ಅಂದರೆ ಐದಕ್ಷರ. ಐದು ನಿಮಿಷಕ್ಕೆ 40 ಪದ, 200 ಅಕ್ಷರ. ಭಾರಿ ಏನಲ್ಲ.

ಎರಡುಮೀಟರ್:

ಮೃದಂಗದ ಮಾತು ನನಗೆ ಮೊದಲೇ ಹೇಳಿದ್ದರೆ ನಾನೂ ಕಲಿಯುತ್ತಿದ್ದೆನೋ ಏನೋ. ನನಗೂ ಚಾರ್ಟೇ ಕೊಟ್ಟಿದ್ದರು.

ಹಳೇಕೀ:

ಈಗಲೂ ವಯಸ್ಸಿದೆ ತಮ್ಮ.

ಬೆಸುಗೆಕಡ್ಡಿ:

ಲೈಸೆನ್ಸ್ ಬರುವ ಮುಂಚೆ ಕೇಳಲು ಏನಾದರೂ ಬೇಕಲ್ಲ, ಇಲ್ಲದಿದ್ದರೆ ಹುರುಪು ಇಳಿದುಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ವೆಬ್ ಎಸ್‌ಡಿಆರ್ ಇದೆ. ಅಲ್ಲಿನ ರಿಸೀವರನ್ನು ನಾವು ಮನೆಯಲ್ಲಿ ಕೂತು ಬ್ರೌಸರ್‌ನಲ್ಲೇ ತಿರುಗಿಸಬಹುದು. ಲೈಸೆನ್ಸ್ ಬೇಡ, ದುಡ್ಡು ಬೇಡ. ಬ್ಯಾಂಡ್ 7 ಮೆಗಾಹರ್ಟ್ಸ್‌ಗೆ ಇಟ್ಟು ಎಲ್‌ಎಸ್‌ಬಿ ಅಂತ ಇರುವ ಗುಂಡಿ ಒತ್ತಿ, ಮಾತು ಕೇಳಿಸಲು ಅದು ಬೇಕು. ಹಗಲು ಒಂದು ಸಲ ಕೇಳಿ, ಅಲ್ಲಿ ರಾತ್ರಿ ಆದ ಮೇಲೆ ಇನ್ನೊಂದು ಸಲ ಕೇಳಿ. ಹಗಲು ಹತ್ತಿರದವರು, ರಾತ್ರಿ ದೂರದವರು. ಹಗಲು ಹೊತ್ತು ಅಯಾನುಗೋಳದ ಕೆಳಗಿನ ಡಿ ಪದರ ಅಲೆಗಳನ್ನು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಅದು ಕರಗಿ ಹೋಗುತ್ತದೆ, ಮೇಲಿನ ಪದರಕ್ಕೆ ಬಡಿದು ಅಲೆ ದೂರ ಹಾರುತ್ತದೆ. ನಿಮ್ಮಪ್ಪ ರಾತ್ರಿ ಹೊತ್ತೇ ಯಾಕೆ ಶಾರ್ಟ್‌ವೇವ್ ತಿರುಗಿಸುತ್ತಿದ್ದರು ಅಂತ ಈಗ ಗೊತ್ತಾಯಿತಾ? ಇದು ಪರೀಕ್ಷೆಗೂ ಬರುತ್ತದೆ.

ಮಲೆನಾಡಕಿವಿ:

ಅಯ್ಯೋ, ಅದು ಊಟ ಆದ ಮೇಲಿನ ಪುರುಸೊತ್ತು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಕಡಲತಡಿ:

ಸಣ್ಣ ಹುಡುಗಿಗೆ ಹೇಳಿ, ಬೆಂಗಳೂರಿನ ಇಸ್ರೋದವರು ಹ್ಯಾಮ್‌ಗಳಿಗಾಗಿಯೇ ಒಂದು ಉಪಗ್ರಹ ಮಾಡಿ ಹಾರಿಸಿದ್ದರು ಅಂತ. ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಕಾರ್ಟೋಸ್ಯಾಟ್-1ರ ಜೊತೆ ಪಿಎಸ್‌ಎಲ್‌ವಿಯಲ್ಲಿ ಹೋಯಿತು, 2014ರವರೆಗೆ ಕೆಲಸ ಮಾಡಿತು. ನಾನು ಅದರಲ್ಲಿ ಮಾತಾಡಿದ್ದೇನೆ. ಕೈಯಲ್ಲಿ ಆಂಟೆನಾ ಹಿಡಿದು ಟೆರೇಸಿನಲ್ಲಿ ಆಕಾಶಕ್ಕೆ ತೋರಿಸುತ್ತಾ ತಿರುಗುತ್ತಿದ್ದೆ, ಪಕ್ಕದ ಮನೆಯ ಅಜ್ಜಿ ನನ್ನ ಹೆಂಡತಿಯನ್ನು ಕರೆದು "ಇವರಿಗೆ ಎಂತ ಆಗಿದೆ?" ಅಂತ ಕೇಳಿದರು.

2004ರ ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಇತ್ತು. ಅವರು ಹೋಗಿದ್ದು ಅಂಡಮಾನ್‌ನಿಂದ ದೂರ ದೂರದ ಹ್ಯಾಮ್‌ಗಳ ಜೊತೆ ಮಾತಾಡಲಿಕ್ಕೆ, ಹವ್ಯಾಸಕ್ಕೆ. ಫೋನುಗಳು ಸತ್ತ ಮೇಲೆ ಅದೇ ಸೆಟ್ಟಿನಲ್ಲಿ ಜನರ ಕ್ಷೇಮ ಸಮಾಚಾರ ಮುಖ್ಯಭೂಮಿಗೆ ಹೋಯಿತು. ಮಾಮೂಲಿ ದಿನದಲ್ಲಿ ಮೂರನೆಯವರ ಸಂದೇಶ ಸಾಗಿಸಲಿಕ್ಕೆ ನಿರ್ಬಂಧ ಉಂಟು, ಅಂಥ ಹೊತ್ತಿನಲ್ಲಿ ಮಾತ್ರ ಬೇರೆ. ನಿಯಮದ ಭಾಗ ಓದುವಾಗ ಈ ಕಥೆ ನೆನಪಿಟ್ಟುಕೊಂಡರೆ ಅದು ಬಾಯಿಪಾಠ ಅನಿಸುವುದಿಲ್ಲ.

ಮಲೆನಾಡಕಿವಿ:

ತುಂಬಾ ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಬರೆದು ಬಂದೆವು, ಫಲಿತಾಂಶವೂ ಬಂತು.

ಮಗಳು ಪಾಸ್. ನಾನು ಫೇಲ್ 😐

ನಿಯಮದಲ್ಲಿ ಚೆನ್ನಾಗಿ ಮಾಡಿದ್ದೆ, ಒಟ್ಟು ಶೇ 50 ದಾಟಿತ್ತು. ಆದರೆ ಥಿಯರಿಯಲ್ಲಿ ಶೇ 40 ಮುಟ್ಟಲಿಲ್ಲ. ಎರಡುಮೀಟರ್ ಮೊದಲ ದಿನವೇ ಪ್ರತಿ ಭಾಗದಲ್ಲೂ ಬೇಕು ಅಂತ ಬರೆದಿದ್ದರು, ನಾನು ಒಟ್ಟು ನೋಡಿಕೊಂಡು ನಿಯಮವನ್ನೇ ಉಜ್ಜುತ್ತಾ ಕೂತೆ. ಈಗ ಮಗಳು ದಿನಾ ರಾತ್ರಿ ನನಗೆ ಪಾಠ ಮಾಡುತ್ತಿದ್ದಾಳೆ, ಬೈಗುಳವೂ ಬೀಳುತ್ತಿದೆ. ನನಗೆ ಕಾಲು ಜಾರಿದ್ದು ಸೂಪರ್‌ಹೆಟರೊಡೈನ್ ಅನ್ನುವ ರಿಸೀವರಿನ ಪಾಠದಲ್ಲಿ. ಇಮೇಜ್ ಫ್ರೀಕ್ವೆನ್ಸಿ ಅಂದರೆ ಏನು ಅಂತ ಇವತ್ತಿಗೂ ತಲೆಗೆ ಹೋಗಿಲ್ಲ.

ಬೆಸುಗೆಕಡ್ಡಿ:

ಮರಿಗೆ ಶಹಬ್ಬಾಸ್! ನಿಮಗೂ ಮುಂದಿನ ಸಲ ಆಗುತ್ತದೆ ಬಿಡಿ.

ಇಮೇಜ್‌ನ್ನು ಸಂಖ್ಯೆ ಹಾಕಿ ನೋಡಿ, ಬಿ.ಕಾಂ.ನವರಿಗೆ ಅದೇ ಸುಲಭ. ನಿಮಗೆ 7.100 ಕೇಳಬೇಕು. ರಿಸೀವರ್ ಒಳಗೆ ಒಂದು ಆಸಿಲೇಟರ್ ಇದೆ, ಅದು 7.555ರಲ್ಲಿ ಓಡುತ್ತಿದೆ. ಎರಡನ್ನೂ ಕಳೆದರೆ 0.455 ಮೆಗಾಹರ್ಟ್ಸ್, ಅಂದರೆ 455 ಕಿಲೋಹರ್ಟ್ಸ್. ಮುಂದಿನ ಭಾಗಕ್ಕೆ ಗೊತ್ತಿರುವುದು ಈ 455 ಒಂದೇ. ಇದೇ ಹೊತ್ತಿಗೆ 8.010ರಲ್ಲಿ ಯಾರೋ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. 8.010ರಿಂದ 7.555 ಕಳೆಯಿರಿ. ಎಷ್ಟು ಬಂತು?

ಮಲೆನಾಡಕಿವಿ:

455! ಅಂದರೆ ಅವನೂ ಅದೇ ಬಾಗಿಲಿನಿಂದ ಒಳಗೆ ಬರುತ್ತಾನೆ?

ಬೆಸುಗೆಕಡ್ಡಿ:

ಅವನೇ ಇಮೇಜ್. ಎರಡು ಖಾತೆಯ ಬಾಕಿ ಒಂದೇ ಮೊತ್ತ ಆದ ಹಾಗೆ, ಮೊತ್ತ ನೋಡಿದರೆ ಯಾವ ಖಾತೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ಬಾಗಿಲಲ್ಲೇ ಫಿಲ್ಟರ್ ಇಟ್ಟು 8.010 ಅನ್ನು ಹೊರಗೆ ನಿಲ್ಲಿಸುವುದು.

ಮಲೆನಾಡಕಿವಿ:

ಖಾತೆ ಅಂದ ಮೇಲೆ ಅರ್ಥ ಆಯಿತು. ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ.

ಮತ್ತೆ ಮಗಳ ಸ್ಟೇಷನ್ ಲೈಸೆನ್ಸಿಗೆ ಅರ್ಜಿ ಹಾಕಿದ್ದೇವೆ, ಹೆಸರು ಎಲ್ಲ ಕಡೆ ಒಂದೇ ಇದೆಯಾ ಅಂತ ಮೂರು ಸಲ ನೋಡಿಯೇ ಹಾಕಿದ್ದು. ಕಾಯುತ್ತಿದ್ದೇವೆ. ಮೋರ್ಸ್‌ನಲ್ಲಿ ಹದಿನೆಂಟು ಅಕ್ಷರ ಆಗಿದೆಯಂತೆ. ಹಳೇಕೀ ತಾತ ಏನಾದರೂ ಕಳಿಸಲಿ, ಓದುತ್ತೇನೆ ಅಂತ ಪಕ್ಕದಲ್ಲೇ ಕೂತಿದ್ದಾಳೆ.

ಹಳೇಕೀ:

ಡಾಡಿಡಾಡಿ ಡಾಡಾಡಿಡಾ. ಡಾಡಿಡಾಡಿ ಡಾಡಾಡಿಡಾ. ಡಾಡಿಡಾ.

ಮಲೆನಾಡಕಿವಿ:

ಓದಿದಳು. "ಸಿಕ್ಯೂ ಸಿಕ್ಯೂ, ಆಮೇಲೆ ಕೆ" ಅಂದಳು. ಯಾರಾದರೂ ಇದ್ದೀರಾ, ಉತ್ತರ ಕೊಡಿ ಅಂತ ಅರ್ಥವಂತೆ. ಉತ್ತರ ಬರೆಯೇ ಅಂದರೆ ಬರೆಯುವುದಿಲ್ಲವಂತೆ. ಸಿಕ್ಯೂಗೆ ಉತ್ತರ ಕೊಡಬೇಕಾದರೆ ಕರೆಸಂಕೇತ ಹೇಳಬೇಕು, ಅದು ಇನ್ನೂ ಬಂದಿಲ್ಲ, ಬಂದರೂ ರೆಸ್ಟ್ರಿಕ್ಟೆಡ್‌ಗೆ ಸಿಡಬ್ಲ್ಯೂ ಇಲ್ಲ, ಜನರಲ್ ಆಗುವವರೆಗೆ ತಾತ ಕಾಯಬೇಕು ಅಂತ ಹೇಳು ಅಂದಳು.